ಇಬ್ಬರ ನಡುವಿನ ತೆರಪು

ಈ ಭಾಷಣಕ್ಕೆ ಯಾವ ವಿಷಯವೆಂದು ಕೇಳಿದಾಗ ನಾನು ‘ಅಮೆರಿಕದ ಫುಟ್‌ಬಾಲು’ ಎಂದೆ. ಕೇಳಿದವರು ಕ್ಷಣಕಾಲ ಸುಮ್ಮನಾದರು. ಮೂವತ್ತನಾಲ್ಕು ವರ್ಷ ಪದವಿ ತರಗತಿಗಳಿಗೆ ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳಿದವನ ಬಾಯಿಂದ ಇಂಥ ಮಾತು ಬಂದೀತೆಂದು ಅವರು ಎಣಿಸಿರಲಾರರು. ನಿಜ ಹೇಳಬೇಕೆಂದರೆ ನಾನೂ ಎಣಿಸಿರಲಿಲ್ಲ. ಅರವತ್ತು ದಾಟಿದ ಮೇಲೆ ಮನುಷ್ಯ ಹೊಸದಾಗಿ ಕಲಿಯುವುದು ಬಹುಮಟ್ಟಿಗೆ ಔಷಧಗಳ ಹೆಸರುಗಳನ್ನು ಮಾತ್ರ. ನಾನು ಅದರ ಜೊತೆಗೆ ಒಂದು ಆಟದ ಒಂದು ಮೂಲೆಯನ್ನೂ ಕಲಿತೆ. ಇಬ್ಬರು ಕಾವಲಿಗೆ ನಿಂತಿರುವಾಗ ಒಬ್ಬ ಆಟಗಾರ ಅವರಿಂದ ಬಿಡಿಸಿಕೊಂಡು ಚೆಂಡಿಗೆ ಕೈಯೊಡ್ಡುವುದು ಹೇಗೆ ಎಂಬುದೇ ಆ ಮೂಲೆ. ಅದನ್ನು ಕಲಿಯಬೇಕಾಗಿ ಬಂದದ್ದು ನಾನೇ ಆಡಿದ ಒಂದು ತಪ್ಪು ಮಾತಿನಿಂದ.

ಎರಡು ವರ್ಷಗಳ ಹಿಂದೆ ನಾನೂ ನನ್ನ ಹೆಂಡತಿಯೂ ಮಗಳ ಮನೆಗೆ ಹೋಗಿದ್ದೆವು. ಮೇರಿಲ್ಯಾಂಡ್ ರಾಜ್ಯದಲ್ಲಿ, ಬಾಲ್ಟಿಮೋರ್ ನಗರದ ಹೊರವಲಯದಲ್ಲಿ ಅವರ ಮನೆ. ಮೊಮ್ಮಗನಿಗೆ ಆಗ ಹದಿನೈದು. ಅವನಿಗೆ ಕನ್ನಡ ಅರ್ಥವಾಗುತ್ತದೆ. ಆಡಲು ಹೊರಟರೆ ಮಾತ್ರ ವಾಕ್ಯ ಅರ್ಧದಲ್ಲಿ ಇಂಗ್ಲಿಷಿಗೆ ಜಾರುತ್ತದೆ. ನನ್ನ ಇಂಗ್ಲಿಷು ಗ್ರಂಥಾಲಯದ್ದು, ಅವನದು ಆಟದ ಮೈದಾನದ್ದು. ಹೀಗಾಗಿ ನಮ್ಮಿಬ್ಬರ ನಡುವೆ ಪ್ರೀತಿಗೆ ಕೊರತೆಯಿರಲಿಲ್ಲ, ಮಾತಿಗೆ ಇತ್ತು. ‘ಊಟ ಆಯಿತೆ’, ‘ಓದಿಕೊಂಡೆಯಾ’ ಎಂಬ ಎರಡು ಪ್ರಶ್ನೆಗಳ ಮೇಲೆ ಒಂದು ತಿಂಗಳು ತಳ್ಳಿದೆವು.

ಅವನು ಶಾಲೆಯ ತಂಡದಲ್ಲಿ ಫುಟ್‌ಬಾಲ್ ಆಡುತ್ತಿದ್ದ. ಶುಕ್ರವಾರ ಸಂಜೆ, ದೊಡ್ಡ ದೊಡ್ಡ ದೀಪಗಳ ಕೆಳಗೆ ಪಂದ್ಯ. ಊರಿಗೆ ಊರೇ ಬಂದು ಕೂರುತ್ತದೆ. ತಣ್ಣಗೆ ಕೊರೆಯುವ ಲೋಹದ ಬೆಂಚಿನ ಮೇಲೆ ಕಂಬಳಿ ಹೊದ್ದು ನಾನೂ ಕುಳಿತೆ.

ಶ್ರೋತೃಗಳಲ್ಲಿ ಅನೇಕರಿಗೆ ಈ ಆಟದ ಪರಿಚಯವಿರಲಾರದು. ಬೇಕಾದಷ್ಟನ್ನು ಹೇಳಿ ಮುಂದುವರಿಯುತ್ತೇನೆ. ಹೆಸರು ಫುಟ್‌ಬಾಲ್ ಆದರೂ ಇಲ್ಲಿ ಕಾಲಿಗೆ ಕೆಲಸ ಕಡಿಮೆ. ಎರಡೂ ತುದಿ ಮೊನಚಾದ ಚೆಂಡು. ನೂರು ಗಜ ಉದ್ದದ, ಐವತ್ತಮೂರು ಗಜಕ್ಕೆ ತುಸು ಮಿಕ್ಕಿ ಅಗಲದ ಬಯಲು. ಎರಡು ಕೊನೆಗಳಲ್ಲೂ ಹತ್ತು ಹತ್ತು ಗಜದ ಗುರಿಯ ಅಂಕಣ. ಪಕ್ಷಕ್ಕೆ ಹನ್ನೊಂದು ಜನ. ಚೆಂಡು ಕೈಯಲ್ಲಿರುವ ಪಕ್ಷ ನಾಲ್ಕು ಸರದಿಗಳೊಳಗೆ ಹತ್ತು ಗಜವಾದರೂ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಸರದಿ, ಇಲ್ಲವಾದರೆ ಚೆಂಡು ಎದುರು ಪಕ್ಷದ್ದು. ಮೊದಲು ಚೆಂಡನ್ನು ಹೊತ್ತುಕೊಂಡು ನುಗ್ಗುವುದೊಂದೇ ದಾರಿಯಾಗಿತ್ತು. ಆ ನೂಕುನುಗ್ಗಲಿನಲ್ಲಿ ಹುಡುಗರು ಸತ್ತು, ದೇಶದಲ್ಲಿ ಗದ್ದಲವೆದ್ದ ಮೇಲೆ, 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ನಿಯಮ ಒಪ್ಪಿತು. ಎಸೆಯುವವನು ಕ್ವಾರ್ಟರ್‌ಬ್ಯಾಕ್, ಓಡಿ ಹಿಡಿಯುವವನು ರಿಸೀವರ್. ನನ್ನ ಮೊಮ್ಮಗ ರಿಸೀವರ್.

ಆ ಸಂಜೆ ಅವನು ಹತ್ತಾರು ಸಲ ಓಡಿದ. ಗೆರೆಯಿಂದ ಹೊರಟು ಇಪ್ಪತ್ತು ಗಜ, ಮೂವತ್ತು ಗಜ ಓಡುವುದು, ತಿರುಗುವುದು, ಮತ್ತೆ ತಲೆತಗ್ಗಿಸಿಕೊಂಡು ಹಿಂದಕ್ಕೆ ನಡೆದು ಬರುವುದು. ಚೆಂಡು ಒಂದು ಸಲವೂ ಅವನ ಕಡೆಗೆ ಬರಲಿಲ್ಲ. ಅವನ ಪಕ್ಷವೇ ಗೆದ್ದಿತು. ಬೇರೆ ಹುಡುಗರು ಚೆಂಡು ಹಿಡಿದು ಕುಣಿದರು. ಮನೆಗೆ ಮರಳುವಾಗ ಕಾರಿನಲ್ಲಿ ನಾನು ಸಮಾಧಾನ ಹೇಳುವವನಂತೆ, “ಅಷ್ಟೊಂದು ಓಡಿದೆಯಲ್ಲ ಮಗು, ಸುಮ್ಮನೆ ದಂಡವಾಯಿತಲ್ಲ” ಎಂದುಬಿಟ್ಟೆ. ಅವನು ಕಿಟಕಿಯ ಕಡೆ ತಿರುಗಿ, “ಅಜ್ಜ, ನನ್ನ ಮೇಲೆ ಇಬ್ಬರಿದ್ದರು” ಎಂದ. ಅಷ್ಟೆ. ಅದಾದ ಮೇಲೆ ನಾಲ್ಕು ದಿನ ನನ್ನ ಎರಡು ಪ್ರಶ್ನೆಗಳಿಗೂ ಉತ್ತರ ಸರಿಯಾಗಿ ಬರಲಿಲ್ಲ. ಐದನೆಯ ದಿನ ಮಗಳು ಹೇಳಿದಳು: “ಅಪ್ಪ, ನೀವು ನೋಡಲಿಕ್ಕೆ ಬರುತ್ತೀರಿ ಅಂತ ಅವನು ಒಂದು ವಾರದಿಂದ ಕಾಯುತ್ತಿದ್ದ.”

ಪಾಠ ಹೇಳುವವನಿಗೆ ತಾನು ಓದದ ಪದ್ಯಕ್ಕೆ ಅರ್ಥ ಹೇಳುವುದಕ್ಕಿಂತ ದೊಡ್ಡ ನಾಚಿಕೆಯಿಲ್ಲ. ನಾನು ಮಾಡಿದ್ದು ಅದೇ.

ಎದುರು ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದರು. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಬಾಲ್ಟಿಮೋರಿನಲ್ಲೇ ಹುಟ್ಟಿ ಬೆಳೆದವರು. ಬೆಳಗಿನ ನಡಿಗೆಯಲ್ಲಿ ನಮಗೆ ಪರಿಚಯ. ‘ಒಬ್ಬನ ಮೇಲೆ ಇಬ್ಬರು’ ಎಂದರೆ ಏನರ್ಥವೆಂದು ಅವರನ್ನು ಕೇಳಿದೆ. ಅವರು ನನ್ನನ್ನು ತಮ್ಮ ಮನೆಯ ಮೆಟ್ಟಿಲ ಮೇಲೆ ಕೂರಿಸಿ, ಓಕ್ ಮರದ ಕೆಳಗೆ ಉದುರಿದ್ದ ಕಾಯಿಗಳನ್ನು ಆಯ್ದು ತಂದು, ಕಲ್ಲಿನ ಮೇಲೆ ಎರಡು ಸಾಲಾಗಿ ಜೋಡಿಸಿದರು. ಸಾಲಿಗೆ ಹನ್ನೊಂದು.

ಇಬ್ಬರು ಕಾಯುವುದೆಂದರೆ ಇಬ್ಬರೂ ಒಂದೇ ಕಡೆ ನಿಲ್ಲುವುದಲ್ಲ, ಕೆಲಸವನ್ನು ಹಂಚಿಕೊಳ್ಳುವುದು. ಹಂಚಿಕೆ ಬಹುಮಟ್ಟಿಗೆ ಎರಡು ಬಗೆ. ಒಂದರಲ್ಲಿ ಕಾವಲುಗಾರರು ಅಕ್ಕಪಕ್ಕ ನಿಲ್ಲುತ್ತಾರೆ. ಒಬ್ಬ ಮೈದಾನದ ನಡುವಿನ ಕಡೆ, ಇನ್ನೊಬ್ಬ ಅಂಚಿನ ಕಡೆ. ರಿಸೀವರ್ ಒಳಕ್ಕೆ ತಿರುಗಿದರೆ ಒಬ್ಬನಿದ್ದಾನೆ, ಹೊರಕ್ಕೆ ತಿರುಗಿದರೆ ಇನ್ನೊಬ್ಬ. ಇನ್ನೊಂದು ಬಗೆಯಲ್ಲಿ ಅವರು ಹಿಂದುಮುಂದಾಗಿ ನಿಲ್ಲುತ್ತಾರೆ. ಒಬ್ಬ ಗೆರೆಯ ಬಳಿಯಲ್ಲೇ ಎದೆಗೆ ಎದೆಯಾಗಿ. ಇನ್ನೊಬ್ಬ ಹದಿನೈದು ಇಪ್ಪತ್ತು ಗಜ ಹಿಂದೆ, ಕಣ್ಣು ಚೆಂಡಿನ ಮೇಲೆ. ಹತ್ತಿರದ ಚೆಂಡು ಮುಂದಿನವನ ಪಾಲು, ದೂರದ ಚೆಂಡು ಹಿಂದಿನವನ ಪಾಲು.

ಹೀಗಿರುವಾಗ ರಿಸೀವರ್ ಮೊದಲು ಮಾಡಬೇಕಾದ ಕೆಲಸ ಓಡುವುದಲ್ಲ, ಓದುವುದು. ನಿಂತಲ್ಲೇ ನಿಂತು ಎದುರಿನವರ ಪಾದಗಳನ್ನು, ಹೆಗಲನ್ನು ನೋಡಿ, ಇವರು ಯಾವುದನ್ನು ಕಾಯುತ್ತಿದ್ದಾರೆ, ಆದ್ದರಿಂದ ಯಾವುದನ್ನು ಬಿಟ್ಟಿದ್ದಾರೆ ಎಂಬುದನ್ನು ತಿಳಿದುಕೊಳ್ಳಬೇಕು. ಕಾವಲೆಂದರೆ ಒಂದನ್ನು ಬಿಟ್ಟುಕೊಟ್ಟು ಇನ್ನೊಂದನ್ನು ಉಳಿಸಿಕೊಳ್ಳುವುದು. ಎಲ್ಲವನ್ನೂ ಕಾಯುವ ಕಾವಲಿಲ್ಲ. ಅಕ್ಕಪಕ್ಕ ನಿಂತವರು ಪಕ್ಕಗಳನ್ನು ಕಾದು ಆಳವನ್ನು ಬಿಟ್ಟಿರುತ್ತಾರೆ. ಅಲ್ಲಿ ತಿರುಗುವ ಗೊಡವೆಗೇ ಹೋಗದೆ ಇಬ್ಬರ ನಡುವೆಯೇ ನೆಟ್ಟಗೆ ನುಗ್ಗಬೇಕು. ಅಥವಾ ನುಗ್ಗುವವನಂತೆ ಓಡಿ, ಅವರು ಹಿಂದೆ ಸರಿಯುತ್ತಿರುವಾಗಲೇ ಗಕ್ಕನೆ ನಿಂತು, ಎಸೆಯುವವನ ಕಡೆಗೆ ಎರಡು ಹೆಜ್ಜೆ ಮರಳಬೇಕು. ಹಿಂದುಮುಂದಾಗಿ ನಿಂತವರಿಗೆ ಈ ಉಪಾಯ ನಡೆಯುವುದಿಲ್ಲ. ಅವರು ಬಿಟ್ಟಿರುವುದು ತಮ್ಮಿಬ್ಬರ ನಡುವಿನ ಪಟ್ಟಿಯನ್ನು. ಮುಂದಿನವನನ್ನು ದಾಟಿದ ಮೇಲೆ, ಹಿಂದಿನವನನ್ನು ಮುಟ್ಟುವ ಮೊದಲು, ಹನ್ನೆರಡು ಹದಿನೈದು ಗಜದ ಹೊತ್ತಿಗೆ ಅಡ್ಡಲಾಗಿ ಕತ್ತರಿಸಬೇಕು. ಹಿಂದಿನವನು ಮುಂದೆ ಬಂದು ಅದನ್ನು ತಡೆಯಬಾರದೇಕೆ? ಬರಬಹುದು, ಆದರೆ ಅವನಿಗೆ ತನ್ನ ಬೆನ್ನ ಹಿಂದಿನ ಬಯಲಿನ ಭಯ. ಆ ಭಯವನ್ನು ಕೆಣಕಿದಷ್ಟೂ ಅವನು ಹಿಂದೆ ಹೋಗುತ್ತಾನೆ, ಪಟ್ಟಿ ಅಗಲವಾಗುತ್ತದೆ.

ಇಬ್ಬರಿರುವುದರಲ್ಲೇ ಇನ್ನೊಂದು ದೌರ್ಬಲ್ಯವಿದೆ. ಒಬ್ಬನೇ ಆದರೆ ಎಲ್ಲ ಹೊಣೆಯೂ ಅವನದೇ. ಇಬ್ಬರಾದಾಗ ಹೊಣೆಗೆ ಒಂದು ಹೊಲಿಗೆ ಬರುತ್ತದೆ. ರಿಸೀವರ್ ಆ ಹೊಲಿಗೆಯ ಮೇಲೆಯೇ ಓಡಿದರೆ ‘ಇವನು ನಿನ್ನವನು’, ‘ಅಲ್ಲ, ನಿನ್ನವನು’ ಎಂದು ಇಬ್ಬರೂ ಅರೆಗಳಿಗೆ ಅನುಮಾನಿಸುತ್ತಾರೆ. ಕ್ವಾರ್ಟರ್‌ಬ್ಯಾಕಿಗೆ ಎಸೆಯಲು ಸಿಗುವ ಕಾಲ ಎರಡೂವರೆ, ಹೆಚ್ಚೆಂದರೆ ಮೂರು ಸೆಕೆಂಡು. ಅದರಲ್ಲಿ ಅರೆಗಳಿಗೆ ಎಂದರೆ ದೊಡ್ಡ ಆಸ್ತಿ.

ಇದೆಲ್ಲ ಓಕ್ ಕಾಯಿಗಳಿಂದ ತಿಳಿಯಿತು. ಆದರೆ ಓಕ್ ಕಾಯಿಗೆ ಸೊಂಟವಿಲ್ಲ. ಆಟದ ಸೂಕ್ಷ್ಮವೆಲ್ಲ ಸೊಂಟದಲ್ಲಿದೆ ಎಂಬುದು ನನಗೆ ಗೊತ್ತಾದದ್ದು ಆಮೇಲೆ, ಹಿರಿಯರ ಮನೆಯಲ್ಲಿ ಹಳೆಯ ಪಂದ್ಯಗಳ ಚಿತ್ರಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದಾಗ. ಕಾವಲುಗಾರ ರಿಸೀವರಿಗೆ ಮುಖ ಕೊಟ್ಟು ಹಿಂದು ಹಿಂದಕ್ಕೆ ಓಡುತ್ತಿರುತ್ತಾನೆ. ಹಿಮ್ಮುಖವಾಗಿ ಓಡುವವನು ಮುಮ್ಮುಖವಾಗಿ ಓಡುವವನಷ್ಟು ವೇಗವಾಗಿ ಓಡಲಾರ. ಎಂದಾದರೊಮ್ಮೆ ಸೊಂಟ ತಿರುಗಿಸಲೇಬೇಕು. ಎಡಕ್ಕೆ ತಿರುಗಿಸಿದನೆಂದರೆ ಆ ಕ್ಷಣಕ್ಕೆ ಅವನಿಗೆ ಬಲವಿಲ್ಲ. ರಿಸೀವರ್ ಮಾಡುವುದೆಲ್ಲ ಆ ತಿರುವನ್ನು ತನಗೆ ಬೇಕಾದ ಹೊತ್ತಿಗೆ, ಬೇಕಾದ ದಿಕ್ಕಿಗೆ ತರಿಸುವುದು. ಅದಕ್ಕಾಗಿ ನೇರ ಅವನ ಮೇಲೆಯೇ ಓಡುತ್ತಾನೆ, ತಪ್ಪಿಸಿಕೊಳ್ಳುವವನಂತೆ ಅಲ್ಲ, ಹಾಯುವವನಂತೆ. ತಿರುಗುವ ಜಾಗ ಹತ್ತಿರವಾದರೂ ವೇಗ ಇಳಿಸುವುದಿಲ್ಲ, ಕೈ ಬೀಸುವುದನ್ನು ನಿಲ್ಲಿಸುವುದಿಲ್ಲ, ಹೋಗಬೇಕಾದ ಕಡೆಗೆ ಕಣ್ಣು ಹಾಯಿಸುವುದಿಲ್ಲ. ಕೊನೆಯ ಎರಡು ಹೆಜ್ಜೆಗಳಲ್ಲಿ ಮಾತ್ರ ಮೈ ತಗ್ಗುತ್ತದೆ, ಪಾದ ಊರುತ್ತದೆ.

ನನ್ನ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ ಇದು ಶ್ಲೇಷ. ಶ್ಲೇಷದಲ್ಲಿ ಪದ ಒಂದೇ, ಅರ್ಥ ಎರಡು. ಒಳ್ಳೆಯ ರಿಸೀವರಿನ ಮೊದಲ ಹತ್ತು ಗಜ ಹೀಗೆಯೇ. ದೂರ ಹೋಗುವ ಓಟಕ್ಕೂ ಒಳಕ್ಕೆ ತಿರುಗುವ ಓಟಕ್ಕೂ ನಿಂತು ಮರಳುವ ಓಟಕ್ಕೂ ಆ ಹತ್ತು ಗಜ ಒಂದೇ ಪಾಠ. ಕಾವಲುಗಾರ ಒಂದು ಅರ್ಥವನ್ನು ಹಿಡಿದುಕೊಂಡು ಹೊರಡುವ ಹೊತ್ತಿಗೆ ಪದ್ಯ ಇನ್ನೊಂದು ಅರ್ಥದಲ್ಲಿ ಮುಂದೆ ಸಾಗಿರುತ್ತದೆ. ಎಳೆಯ ರಿಸೀವರುಗಳ ದೋಷವೂ ಎಳೆಯ ಕವಿಗಳದೇ: ಅರ್ಥವನ್ನು ಮೊದಲೇ ಬಿಟ್ಟುಕೊಡುವುದು.

ಗೆರೆಯ ಬಳಿಯಲ್ಲೇ ಕೈಹಾಕಿ ತಡೆಯುವವನಿದ್ದರೆ ಬೇರೆ ಉಪಾಯಗಳು ಬೇಕು. ವೃತ್ತಿಪರ ಆಟದಲ್ಲಿ 1978ರಿಂದ ಗೆರೆಯಿಂದಾಚೆ ಐದು ಗಜದೊಳಗೆ ಮಾತ್ರ ಹಾಗೆ ತಡೆಯಬಹುದು. ಅದಕ್ಕೆ ಮುಂಚೆ ಕಾವಲುಗಾರರಿಗೆ ಇನ್ನೂ ಸಲುಗೆಯಿತ್ತು. ರಿಸೀವರನ್ನು ಜೊತೆಗಾರನೊಬ್ಬನ ಬೆನ್ನ ಹಿಂದೆ ನಿಲ್ಲಿಸುತ್ತಾರೆ, ಆಗ ಮೊದಲ ಏಟು ಅವನಿಗೆ ತಾಗುವುದಿಲ್ಲ. ಅಂಚಿನಿಂದ ಒಳಗೆ ಕರೆದು ನಿಲ್ಲಿಸುತ್ತಾರೆ, ಆಗ ಎರಡೂ ಪಕ್ಕ ಬಯಲು. ಆಟ ಶುರುವಾಗುವ ಮುನ್ನವೇ ಸಾಲಿನ ಹಿಂದೆ ಅಡ್ಡಲಾಗಿ ಓಡಿಸುತ್ತಾರೆ; ಕಾವಲಿನವರು ಯಾರು ಹಿಂಬಾಲಿಸುತ್ತಾರೆ ಎಂಬುದರಿಂದಲೇ ಅವರ ಹಂಚಿಕೆಯ ಗುಟ್ಟು ಬಯಲಾಗುತ್ತದೆ. ಇಬ್ಬರು ರಿಸೀವರುಗಳು ಕತ್ತರಿಯಾಕಾರದಲ್ಲಿ ದಾಟಿಹೋಗಿ ಕಾವಲುಗಾರರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವಂತೆ ಮಾಡುವುದೂ ಉಂಟು. ಬೇಕೆಂದೇ ಅಡ್ಡಗಟ್ಟಿದರೆ ತಪ್ಪು. ತಂತಾನೆ ಅಡ್ಡಬಂದರೆ ತಪ್ಪಲ್ಲ. ಬೇಕೆಂದೇ ಯಾವುದು, ತಂತಾನೆ ಯಾವುದು ಎಂದು ಅಲ್ಲಿ ತೀರ್ಪುಗಾರರು ಪಡುವ ಪಾಡನ್ನು ನೋಡಿದರೆ ಕಾವ್ಯಚೌರ್ಯದ ಚರ್ಚೆಗಳು ಎಷ್ಟೋ ಸುಲಭವೆನಿಸುತ್ತವೆ.

ಹಿರಿಯರು ನನಗೆ ತೋರಿಸಿದ ಚಿತ್ರಗಳಲ್ಲಿ ಒಂದು ಕಪ್ಪುಬಿಳುಪಿನದು. 1958ರ ಡಿಸೆಂಬರ್ 28, ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂ, ಬಾಲ್ಟಿಮೋರ್ ಕೋಲ್ಟ್ಸ್ ಮತ್ತು ನ್ಯೂಯಾರ್ಕ್ ಜೈಂಟ್ಸ್ ತಂಡಗಳ ನಡುವೆ ಆ ವರ್ಷದ ಅಂತಿಮ ಪಂದ್ಯ. ಆಗ ಅವರಿಗೆ ಎಂಟು ವರ್ಷ. ತಂದೆಯ ತೊಡೆಯ ಪಕ್ಕ ಕುಳಿತು ಟೆಲಿವಿಷನ್ನಿನಲ್ಲಿ ನೋಡಿದರಂತೆ. ಆ ತಂಡ 1984ರಲ್ಲಿ ಬಾಲ್ಟಿಮೋರನ್ನು ಬಿಟ್ಟು ಇಂಡಿಯಾನಾಪೊಲಿಸ್‌ಗೆ ಹೋಯಿತು. ಹಿರಿಯರ ನೆನಪು ಮಾತ್ರ ಊರು ಬಿಟ್ಟಿಲ್ಲ.

ಕೋಲ್ಟ್ಸ್ ತಂಡದ ರಿಸೀವರ್ ರೇಮಂಡ್ ಬೆರಿ. ಆಟಗಾರರನ್ನು ಆರಿಸಿಕೊಳ್ಳುವಾಗ ಇಪ್ಪತ್ತನೆಯ ಸುತ್ತಿನವರೆಗೆ ಯಾರಿಗೂ ಬೇಡವಾಗಿದ್ದವನು. ವೇಗ ಅಷ್ಟಕ್ಕಷ್ಟೆ, ದೃಷ್ಟಿ ಮಂದ. ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಆಡುತ್ತಿದ್ದ. ಕಾವಲುಗಾರನಿಂದ ಬಿಡಿಸಿಕೊಳ್ಳಲು ಆತನ ಬಳಿ 88 ಬಗೆಯ ವರಸೆಗಳಿದ್ದವೆಂದು ಪ್ರಸಿದ್ಧಿ. ತಂಡದ ಅಭ್ಯಾಸ ಮುಗಿದು ಎಲ್ಲರೂ ಹೋದ ಮೇಲೆ ಆತನೂ ಕ್ವಾರ್ಟರ್‌ಬ್ಯಾಕ್ ಜಾನಿ ಯುನೈಟಸನೂ ಉಳಿದು ಮತ್ತೆ ಮತ್ತೆ ಎಸೆದು ಹಿಡಿದು ಮಾಡುತ್ತಿದ್ದರು.

ಪಂದ್ಯ ಮುಗಿಯಲು ಎರಡು ನಿಮಿಷವೂ ಇಲ್ಲ. ಜೈಂಟ್ಸ್ 17, ಕೋಲ್ಟ್ಸ್ 14. ಕೋಲ್ಟ್ಸ್ ತಮ್ಮ ಕೊನೆಯಿಂದ ಹದಿನಾಲ್ಕೇ ಗಜದ ಮೇಲಿದ್ದಾರೆ. ಒಂದು ಎಸೆತದಿಂದ ಹನ್ನೊಂದು ಗಜ ಬಂತು. ಅದಾದ ಮೇಲೆ ಬೆರಿ ತನ್ನ ಜಾಗದಲ್ಲಿ ನಿಂತಾಗ ಎದುರು ಪಕ್ಷದ ನಡುಸಾಲಿನ ಕಾವಲುಗಾರ ಹಾರ್ಲಂಡ್ ಸ್ವೇರ್ ತನ್ನ ಎಂದಿನ ಸ್ಥಳ ಬಿಟ್ಟು ಹೊರಗೆ ನಡೆದು ಬಂದು ಬೆರಿಯ ಮೂಗಿಗೆ ಮೂಗಾಗಿ ನಿಂತ. ಹಿಂದೆ ಇನ್ನೊಬ್ಬ ಕಾವಲುಗಾರ ಇದ್ದೇ ಇದ್ದ. ನಾನು ಮೇಲೆ ಹೇಳಿದ ಎರಡನೆಯ ಬಗೆಯ ಕಾವಲು. ಮೊದಲೇ ಹೇಳಿಕೊಂಡಿದ್ದ ಓಟ ಇನ್ನು ನಡೆಯುವಂತಿಲ್ಲ. ಕೂಗಿ ಹೇಳಲು ಸಮಯವಿಲ್ಲ. ಆದರೆ ಹೀಗೆ ಒಬ್ಬ ಬಂದು ನಿಂತರೆ ಏನು ಮಾಡಬೇಕೆಂದು ಇವರಿಬ್ಬರೂ ಎಷ್ಟೋ ಹಿಂದೆ ಯಾವಾಗಲೋ ಒಮ್ಮೆ ಮಾತಾಡಿಕೊಂಡಿದ್ದರು. ಬೆರಿ ಯುನೈಟಸನನ್ನು ನೋಡಿದ, ಯುನೈಟಸ್ ಬೆರಿಯನ್ನು ನೋಡಿದ. ಅಷ್ಟೇ. ಬೆರಿ ಹೊರಕ್ಕೆ ಒಂದು ಹುಸಿಹೆಜ್ಜೆ ಇಟ್ಟು, ಸ್ವೇರನನ್ನು ಆ ಕಡೆ ವಾಲಿಸಿ, ಓರೆಯಾಗಿ ಒಳಕ್ಕೆ ನುಗ್ಗಿದ. ಚೆಂಡು ಅಲ್ಲಿಗೇ ಬಂತು. ಇಪ್ಪತ್ತೈದು ಗಜ. ಮುಂದಿನ ಎರಡು ಎಸೆತಗಳೂ ಬೆರಿಗೇ, ಹದಿನೈದು ಗಜ, ಇಪ್ಪತ್ತೆರಡು ಗಜ. ಒಟ್ಟು 62 ಗಜ. ಏಳು ಸೆಕೆಂಡು ಉಳಿದಿರುವಾಗ ಚೆಂಡನ್ನು ಕಂಬಗಳ ನಡುವೆ ಒದ್ದು 17-17 ಸಮ ಮಾಡಿಕೊಂಡರು. ಹೆಚ್ಚುವರಿ ಅವಧಿಯಲ್ಲಿ 23-17ರಿಂದ ಗೆದ್ದರು. ಬೆರಿ ಆ ದಿನ ಹಿಡಿದ ಚೆಂಡುಗಳು 12, ಸಾಗಿದ ದೂರ 178 ಗಜ.

ನಾನು ಆ ಚಿತ್ರವನ್ನು ಮತ್ತೆ ಮತ್ತೆ ಹಾಕಿಸಿ ನೋಡಿದೆ. ಆ ನೋಟ ಚಿತ್ರದಲ್ಲಿ ಕಾಣುವುದಿಲ್ಲ. ಹುಸಿಹೆಜ್ಜೆ ಮಾತ್ರ ಕಾಣುತ್ತದೆ. ಇಬ್ಬರ ಕಾವಲನ್ನು ಮುರಿದದ್ದು ಒಬ್ಬನ ಕಾಲಲ್ಲ, ದೂರ ದೂರ ನಿಂತ ಇಬ್ಬರ ಒಂದೇ ನೆನಪು. ಮಾತಿಲ್ಲದೆ ಹಾಗೆ ಅರ್ಥವಾಗಬೇಕಾದರೆ ಮೊದಲು ಎಷ್ಟು ಮಾತಾಗಿರಬೇಕು! ಒಂದೇ ಸೂರಿನ ಕೆಳಗೆ ಎರಡು ಪ್ರಶ್ನೆಗಳಲ್ಲಿ ದಿನ ದೂಡುತ್ತಿದ್ದ ನನಗೆ ಅದು ಚುಚ್ಚಿತು.

ಇಷ್ಟು ಕೇಳಿದ ನಮ್ಮವರಿಗೆ ಅಭಿಮನ್ಯು ನೆನಪಾಗುವುದು ಸಹಜ, ನನಗೂ ಆಯಿತು. ಆದರೆ ಹೋಲಿಕೆ ನಿಲ್ಲುವುದಿಲ್ಲ. ಅಭಿಮನ್ಯುವಿನ ಬೆನ್ನಿಗೆ ಬಂದವರನ್ನು ಜಯದ್ರಥನೊಬ್ಬನೇ ತಡೆದ. ಇಲ್ಲಿ ಒಬ್ಬನ ಮೇಲೆ ಇಬ್ಬರು ನಿಂತದ್ದರಿಂದಲೇ ಉಳಿದವರ ದಾರಿ ತೆರೆಯುತ್ತದೆ. ಗಣಿತದ ಮೇಷ್ಟರು ಇದನ್ನು ಓಕ್ ಕಾಯಿಗಳಲ್ಲಿ ಎಣಿಸಿ ತೋರಿಸಿದರು. ಎಸೆಯುವವನನ್ನು ಬಿಟ್ಟರೆ ಚೆಂಡು ಹಿಡಿಯಲು ಅರ್ಹರಾದವರು ಐವರು. ಎದುರು ಪಕ್ಷದ ಹನ್ನೊಂದರಲ್ಲಿ ನಾಲ್ವರು ಕ್ವಾರ್ಟರ್‌ಬ್ಯಾಕಿನ ಮೇಲೆ ಏರಿ ಬಂದರೆ ಉಳಿಯುವವರು ಏಳು. ಐವರಿಗೆ ಐವರು, ಮಿಕ್ಕವರು ಇಬ್ಬರು. ಅವರಲ್ಲಿ ಒಬ್ಬ ಎಲ್ಲರ ಹಿಂದೆ ಬಯಲು ಕಾಯಲು ಬೇಕು. ಕೈಯಲ್ಲಿ ಉಳಿದದ್ದು ಒಂದೇ ಒಂದು ಕಾಯಿ. ಅದನ್ನು ಅವರು ನನ್ನ ಮೊಮ್ಮಗನ ಪಕ್ಕದಲ್ಲಿಟ್ಟರು. “ಎದುರು ಪಕ್ಷ ತನ್ನ ಗಂಟನ್ನೆಲ್ಲ ನಿಮ್ಮ ಹುಡುಗನ ಮೇಲೆ ಖರ್ಚು ಮಾಡಿತು. ಅದಕ್ಕೇ ಉಳಿದ ನಾಲ್ವರಿಗೂ ಒಬ್ಬೊಬ್ಬನೇ ಕಾವಲು. ಗೆದ್ದದ್ದು ಹಾಗೆ” ಎಂದರು.

ಈ ಮಾತಿಗೆ ಅವರು ಕೊಟ್ಟ ಉದಾಹರಣೆಯನ್ನು ಹೇಳಲೇಬೇಕು. ಜೆರ್ರಿ ರೈಸ್ ಎಂಬಾತ 1985ರಿಂದ 2004ರವರೆಗೆ ಆಡಿ 1,549 ಚೆಂಡುಗಳನ್ನು ಹಿಡಿದವನು. ಹುಡುಗನಾಗಿದ್ದಾಗ ಗಾರೆ ಕೆಲಸದ ತಂದೆಗೆ ನೆರವಾಗುತ್ತ, ಎಸೆದ ಇಟ್ಟಿಗೆಗಳನ್ನು ಹಿಡಿದು ಕೈ ಪಳಗಿದವನು. 1989ರ ಜನವರಿ 22, ಮಯಾಮಿಯಲ್ಲಿ ಸೂಪರ್ ಬೌಲ್. ಸ್ಯಾನ್ ಫ್ರಾನ್ಸಿಸ್ಕೋ ತಂಡ ಸಿನ್ಸಿನಾಟಿಗಿಂತ ಮೂರು ಅಂಕ ಹಿಂದೆ. ಮೂರು ನಿಮಿಷ ಹತ್ತು ಸೆಕೆಂಡಿನಲ್ಲಿ 92 ಗಜ ಸಾಗಬೇಕು. ರೈಸ್ ಆ ದಿನ 11 ಚೆಂಡು ಹಿಡಿದು 215 ಗಜ ಸಾಗಿದ್ದ. ಗುರಿ ಹತ್ತು ಗಜ ದೂರದಲ್ಲಿದೆ ಎನ್ನುವಾಗ ಎದುರು ಪಕ್ಷದ ಕಣ್ಣೆಲ್ಲ ಅವನ ಮೇಲೆ. ಅವನು ಕಣ್ಣುಗಳನ್ನು ಎಳೆದುಕೊಂಡು ಹೋದ. ಚೆಂಡು ಹೋದದ್ದು ಜಾನ್ ಟೇಲರ್‌ಗೆ. ಟೇಲರ್ ಆ ಪಂದ್ಯದಲ್ಲಿ ಹಿಡಿದದ್ದು ಅದೊಂದೇ ಚೆಂಡು. 34 ಸೆಕೆಂಡು ಉಳಿದಿತ್ತು, 20-16. ಅಂಕಪಟ್ಟಿಯಲ್ಲಿ ಟೇಲರನ ಹೆಸರಿನ ಮುಂದೆ ಒಂದು ಗುರುತಿದೆ. ರೈಸ್ ಆ ಕೊನೆಯ ಓಟದಲ್ಲಿ ಮಾಡಿದ್ದಕ್ಕೆ ಯಾವ ಪಟ್ಟಿಯಲ್ಲೂ ಕಾಲಮಿಲ್ಲ.

ಈ ಆಟದ ಮೇಲೆ ನನಗೆ ಪೂರ್ತಿ ಒಲವಿದೆಯೆಂದು ತಿಳಿಯಬೇಡಿ. ತಲೆಗೆ ಬೀಳುವ ಪೆಟ್ಟುಗಳಿಂದ ಮಿದುಳಿಗೆ ಆಗುವ ಹಾನಿಯನ್ನು ಅಲ್ಲಿನ ವೃತ್ತಿಪರ ಸಂಸ್ಥೆಯೇ 2016ರಲ್ಲಿ ಒಪ್ಪಿಕೊಂಡಿದೆ. ಮಗಳು ಪ್ರತಿ ಪಂದ್ಯಕ್ಕೂ ಕೈಯಲ್ಲಿ ಜೀವ ಹಿಡಿದು ಕೂರುತ್ತಾಳೆ. ‘ಬಿಡಿಸಬಾರದೆ’ ಎಂದು ನಾನೂ ಒಮ್ಮೆ ಕೇಳಿದೆ. ಅಳಿಯಂದಿರು ನಕ್ಕು, “ಮಾವ, ನೀವೇ ಹೇಳಿ ನೋಡಿ” ಎಂದರು. ನಾನು ಹೇಳಲಿಲ್ಲ.

ಹೇಳಿದ್ದು ಬೇರೆ. ಶಾಲೆಯವರು ಆ ಪಂದ್ಯವನ್ನು ಚಿತ್ರೀಕರಿಸಿದ್ದರು. ಅದನ್ನು ಮಗಳಿಂದ ಪಡೆದು, ಟಿಪ್ಪಣಿ ಪುಸ್ತಕ ಇಟ್ಟುಕೊಂಡು, ಚೆಂಡನ್ನು ಬಿಟ್ಟು ಮೊಮ್ಮಗನನ್ನೊಬ್ಬನನ್ನೇ ಆದಿಯಿಂದ ಅಂತ್ಯದವರೆಗೆ ನೋಡಿದೆ. ಒಂದು ರಾತ್ರಿ ಅವನು ಹಾಲು ಕುಡಿಯಲು ಅಡುಗೆಮನೆಗೆ ಬಂದಾಗ, “ಮೂರನೆಯ ಭಾಗದಲ್ಲಿ ಒಬ್ಬ ಮುಂದೆ ಒಬ್ಬ ಹಿಂದೆ ನಿಂತಿದ್ದಾಗ ನೀನು ಒಳಕ್ಕೆ ತಿರುಗಿದೆಯಲ್ಲ, ಎರಡು ಗಜ ಮೊದಲೇ ತಿರುಗಿದೆ ಅನ್ನಿಸಲಿಲ್ಲವೆ?” ಎಂದು ಕೇಳಿದೆ. ಅವನು ಲೋಟ ಕೆಳಗಿಟ್ಟ. ನನ್ನನ್ನೇ ನೋಡಿದ. “ಅಜ್ಜ, ಹೂ ಟೋಲ್ಡ್ ಯೂ?” ಎಂದ. ಆಮೇಲೆ ಕುಳಿತು, ವಿದ್ಯುತ್ ಬಿಲ್ಲಿನ ಲಕೋಟೆಯ ಹಿಂದೆ ಗೆರೆ ಎಳೆಯತೊಡಗಿದ. ಅವನ ತಕರಾರು ಇದು: ತಿರುಗಿದ್ದು ಬೇಗವಲ್ಲ, ತಿರುಗುವ ಮುನ್ನ ನೋಡಿದ್ದು ತಪ್ಪು, ಹಿಂದಿನ ಹುಡುಗ ತನ್ನ ಕಾಲನ್ನಲ್ಲ, ಕಣ್ಣನ್ನು ಓದಿದ.

ನಾನು ಹುಡುಗನಾಗಿದ್ದಾಗ ನಮ್ಮ ಊರಿನಲ್ಲಿ ಕಬಡ್ಡಿ ಆಡುತ್ತಿದ್ದುದನ್ನು ಹೇಳಿದೆ. ಎದುರು ಪಾಳೆಯದಲ್ಲಿ ಇಬ್ಬರು ಕೈಕೈ ಹಿಡಿದು ನಿಂತಿರುತ್ತಾರೆ. ಉಸಿರು ಕಟ್ಟಿ ದಾಳಿಗೆ ಹೋದವನು ಒಬ್ಬನ ಕಡೆ ಕಾಲು ಚಾಚಿದರೆ ಅವನು ಹಿಂದೆ ಸರಿಯುತ್ತಾನೆ, ಇನ್ನೊಬ್ಬ ಹಿಡಿಯಲು ಮುಂದೆ ಬರುತ್ತಾನೆ. ಇಬ್ಬರ ಕೈ ಎಳೆದುಕೊಂಡು ಬಿಗಿಯಾಗುತ್ತದೆ. ಆ ಗಳಿಗೆಯಲ್ಲಿ ಇಬ್ಬರಿಗೂ ಇನ್ನೊಬ್ಬನೇ ಭಾರ. ಮುಟ್ಟಿ ಬರಲು ಅದೇ ಹೊತ್ತು. ಮೊಮ್ಮಗನಿಗೆ ಇದು ಎಷ್ಟು ಹಿಡಿಸಿತೆಂದರೆ, ರಾತ್ರಿ ಹನ್ನೊಂದು ಗಂಟೆಗೆ ನಾನು ಅಡುಗೆಮನೆಯಲ್ಲಿ ಪಂಚೆ ಎತ್ತಿಕಟ್ಟಿ ಕಾಲು ಚಾಚಿ ತೋರಿಸಬೇಕಾಯಿತು. ಸದ್ದಿಗೆ ನನ್ನ ಹೆಂಡತಿ ಎದ್ದು ಬಂದು, ಒಂದು ಮಾತೂ ಆಡದೆ ದೀಪ ನೋಡಿ ಹಿಂದಿರುಗಿದಳು.

ಕಾವಲಿನಿಂದ ಬಿಡಿಸಿಕೊಂಡು ನಿಲ್ಲುವುದಕ್ಕೆ ಅವರು ‘ಓಪನ್’ ಎನ್ನುತ್ತಾರೆ. ಅದಕ್ಕೆ ಕನ್ನಡದಲ್ಲಿ ಏನೆಂದು ಅವನು ಕೇಳಿದ. ತೆರೆದ, ಬಿಡುವಾದ ಎಂದೆಲ್ಲ ಹೇಳಿ, ಕೊನೆಗೆ ‘ತೆರಪು’ ಎಂದೆ. ಎಡೆ, ಸಂದು, ಖಾಲಿ ಜಾಗ ಎಲ್ಲವೂ ಆ ಒಂದು ಮಾತಿನಲ್ಲಿದೆ. ಅವನ ಬಾಯಲ್ಲಿ ‘ರ’ಕಾರ ಅಮೆರಿಕದ್ದಾಗಿಯೇ ಉಳಿಯಿತು, ಆದರೆ ಮಾತು ಉಳಿಯಿತು. ಅದರ ಮೇಲೆ ನಾವು ಮಾತಾಡದ ರಾತ್ರಿ ಇರಲಿಲ್ಲ.

ನವೆಂಬರಿನಲ್ಲಿ ಆ ವರ್ಷದ ಕೊನೆಯ ಪಂದ್ಯ. ಉಸಿರು ಹೊಗೆಯಾಗುವಷ್ಟು ಚಳಿ. ಆ ದಿನವೂ ಅವನ ಮೇಲೆ ಇಬ್ಬರೇ. ಎರಡು ಸಲ ಬಿಡಿಸಿಕೊಂಡು ಎರಡು ಚೆಂಡು ಹಿಡಿದ. ಕೊನೆಯ ಭಾಗದಲ್ಲಿ ಅವನು ಎಡ ಅಂಚಿನಿಂದ ಹೊರಟು, ಕಣ್ಣು ಎಲ್ಲೂ ಹಾಯಿಸದೆ, ನೆಟ್ಟಗೆ ಆಳಕ್ಕೆ ಓಡಿದ. ಇಬ್ಬರೂ ಅವನ ಬೆನ್ನಿಗೆ ಬಿದ್ದರು. ಅವರು ಬಿಟ್ಟುಹೋದ ಜಾಗಕ್ಕೆ ಇನ್ನೊಬ್ಬ ಹುಡುಗ ಸದ್ದಿಲ್ಲದೆ ಸರಿದ. ಸುತ್ತಲಿನ ಜನ ಎದ್ದು ನಿಂತು ಕೂಗಿದಾಗ ಗುರಿ ಮುಟ್ಟಿತೆಂದು ತಿಳಿಯಿತು. ನಾನು ನೋಡುತ್ತಿದ್ದುದು ಆಚೆ ತುದಿಯನ್ನು. ಅಲ್ಲಿ ಚೆಂಡಿನಿಂದ ನಲವತ್ತು ಗಜ ದೂರದಲ್ಲಿ, ಇಬ್ಬರು ಕಾವಲುಗಾರರ ನಡುವೆ ನಿಂತು ನನ್ನ ಮೊಮ್ಮಗ ಎರಡೂ ಕೈ ಮೇಲೆತ್ತಿದ್ದ.

ಕಾರಿನಲ್ಲಿ, “ಅಜ್ಜ, ನೋಡಿದೆಯಾ?” ಎಂದು ಕೇಳಿದ.

“ಚೆಂಡು ಹಿಡಿದವರು ಯಾರೋ ನೋಡಲಿಲ್ಲ” ಎಂದೆ. ಅವನು ನಕ್ಕ.

ಈಗ ಅವನು ಶಾಲೆಯ ಕೊನೆಯ ವರ್ಷದಲ್ಲಿದ್ದಾನೆ. ಅಲ್ಲಿ ಶುಕ್ರವಾರ ರಾತ್ರಿ ಪಂದ್ಯ ಮುಗಿಯುವಾಗ ಇಲ್ಲಿ ಶನಿವಾರ ಬೆಳಗು, ನಾನು ಕಾಫಿ ಕುಡಿದು ದೂರವಾಣಿಯ ಮುಂದೆ ಕುಳಿತಿರುತ್ತೇನೆ. ಎಷ್ಟು ಹಿಡಿದೆ ಎಂದು ನಾನು ಕೇಳುವುದಿಲ್ಲ. “ಇವತ್ತು ಎಷ್ಟು ಜನ?” ಎಂದು ಕೇಳುತ್ತೇನೆ. “ಇಬ್ಬರು, ಅಜ್ಜ” ಎನ್ನುತ್ತಾನೆ, ಹಿಗ್ಗಿನಿಂದ. ಕಳೆದ ಶನಿವಾರ ಮಾತ್ರ ದನಿ ಸಣ್ಣಗಿತ್ತು. “ಒಬ್ಬನೇ” ಎಂದ. ಆ ದಿನ ಅವನು ನಾಲ್ಕು ಚೆಂಡು ಹಿಡಿದಿದ್ದನೆಂದು ಆಮೇಲೆ ಅವನ ತಾಯಿ ಹೇಳಿದಳು.